ಕುಡಿತ ಬಿಟ್ಟ ಮೇಲೆ ಯಾವ ದಾರಿ? ಮೈಂಡ್‌ಫುಲ್‌ನೆಸ್ ಚಿಕಿತ್ಸೆ, ಕೌನ್ಸೆಲಿಂಗ್, ಎಎ, ಶಿಬಿರ, ವಿಪಶ್ಯನ: ಒಂದು ಹೋಲಿಕೆ

ಮನೆಯಲ್ಲಿ ಒಬ್ಬರು ಕುಡಿತ ಬಿಡಲು ಒಪ್ಪಿದರು ಅಂದರೆ ಸಾಕು, ನೆಂಟರಿಷ್ಟರೆಲ್ಲ ಸಲಹೆ ಕೊಡಲು ಶುರು ಮಾಡುತ್ತಾರೆ. ಧರ್ಮಸ್ಥಳದವರ ಶಿಬಿರಕ್ಕೆ ಸೇರಿಸಿ ಅಂತ ಒಬ್ಬರು, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಅಂತ ಇನ್ನೊಬ್ಬರು. ವಿಪಶ್ಯನಕ್ಕೆ, ಅಂದರೆ ಮೌನ ಧ್ಯಾನದ ಶಿಬಿರಕ್ಕೆ ಹೋಗಿ ಬಂದವರು, ಹತ್ತು ದಿನ ಕಳಿಸಿ, ಮನುಷ್ಯನೇ ಬದಲಾಗುತ್ತಾನೆ ಅನ್ನುತ್ತಾರೆ. ಈಗ ಇದರ ಜೊತೆಗೆ ಮೈಂಡ್‌ಫುಲ್‌ನೆಸ್ ಥೆರಪಿ, ಅಂದರೆ ಆ ಕ್ಷಣ ಮೈಮನಸ್ಸಿನಲ್ಲಿ ಆಗುವುದನ್ನು ಗಮನಿಸಲು ಕಲಿಸುವ ಚಿಕಿತ್ಸೆ ಅನ್ನುವ ಹೆಸರೂ ಸೇರಿಕೊಂಡಿದೆ.

ಇವೆಲ್ಲ ಒಳ್ಳೆಯವೇ ಇರಬಹುದು. ಆದರೆ ಒಂದೊಂದೂ ಮಾಡುವ ಕೆಲಸ ಬೇರೆ. ಯಾವುದು ಚೆನ್ನಾಗಿದೆ ಅಂತ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಕಳೆದ ಸಲ ಬಿಟ್ಟಿದ್ದಾಗ ಮತ್ತೆ ಶುರುವಾದದ್ದು ಹೇಗೆ? ಮೂರನೇ ದಿನವೇ ಕೈ ನಡುಗಿ, ಬೆವರು ಕಿತ್ತುಕೊಂಡು ಬಂದು, ತಡೆಯಲಾಗದೆ ಕುಡಿದರಾ? ಎರಡು ತಿಂಗಳು ಚೆನ್ನಾಗಿದ್ದು, ಯಾರದೋ ಬೀಗರೂಟದಲ್ಲಿ ಗೆಳೆಯರ ಒತ್ತಾಯಕ್ಕೆ ಗ್ಲಾಸ್ ಹಿಡಿದರಾ? ಅಥವಾ ಯಾರೂ ಒತ್ತಾಯಿಸದೆ, ಒಬ್ಬರೇ ಇದ್ದಾಗ, ಬೇಜಾರು ಇಲ್ಲವೇ ಸಿಟ್ಟು ತಲೆಗೇರಿ, ನಿದ್ದೆ ಬಾರದ ರಾತ್ರಿಯಲ್ಲಿ ಬಾಟಲಿ ತೆರೆದರಾ? ಈ ಮೂರಕ್ಕೂ ಬೇಕಾದ ಸಹಾಯ ಒಂದೇ ಅಲ್ಲ. ಮೈಂಡ್‌ಫುಲ್‌ನೆಸ್ ಚಿಕಿತ್ಸೆ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಮೂರನೆಯವರಿಗೆ. ಎರಡನೆಯವರಿಗೆ ಸ್ವಲ್ಪ ಮಟ್ಟಿಗೆ. ಮೊದಲನೆಯವರಿಗೆ ಮೊದಲು ಬೇಕಾದದ್ದು ವೈದ್ಯರು.

ಮೊದಲು ಮೈ ಸುಧಾರಿಸಲಿ

ಈ ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ ಆಗಬಹುದು. ಕೊನೆಯ ಪೆಗ್ ಆದ ಆರೆಂಟು ಗಂಟೆಗೆ ನಡುಕ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ದಿಕ್ಕು ತಪ್ಪಿದ ಹಾಗಾಗಿ, ಇಲ್ಲದ ಹುಳುಹುಪ್ಪಟೆ ಮೈಮೇಲೆ ಹರಿದಂತೆ ಕಾಣುತ್ತದೆ. ಮನೆಯವರ ಗುರುತೂ ಸಿಗುವುದಿಲ್ಲ. ಡಾಕ್ಟರುಗಳು ಇದನ್ನು ಡೆಲಿರಿಯಮ್ ಟ್ರೆಮೆನ್ಸ್ ಅನ್ನುತ್ತಾರೆ. ಹಳ್ಳಿಗಳಲ್ಲಿ ಎಷ್ಟೋ ಸಲ ಇದನ್ನು ಗಾಳಿ ಸೋಕು ಅಂತ ತಿಳಿದು ಮಂತ್ರ ಹಾಕಿಸುತ್ತಾರೆ. ಅಷ್ಟರಲ್ಲಿ ಆಸ್ಪತ್ರೆ ಸೇರಬೇಕಾದ ಹೊತ್ತು ಕೈತಪ್ಪಿ ಹೋಗಿರುತ್ತದೆ.

ಈ ಹಂತದಲ್ಲಿ ಧ್ಯಾನ ಮಾಡಿಸಿ ಪ್ರಯೋಜನವಿಲ್ಲ. ನಡುಕ ಮತ್ತು ಫಿಟ್ಸ್ ತಡೆಯಲು ಮಾತ್ರೆ ಬೇಕು, ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡಬೇಕು. ಇದು ಸಾಮಾನ್ಯವಾಗಿ ಒಂದು ವಾರದ ಕೆಲಸ. ತುಂಬಾ ಕುಡಿಯುತ್ತಿದ್ದವರಿಗೆ ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ. ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಈ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ.

ಇಲ್ಲೇ ಇನ್ನೊಂದು ಮಾತು. ಸಾರಿನಲ್ಲೋ ಕಾಫಿಯಲ್ಲೋ ಗೊತ್ತಾಗದ ಹಾಗೆ ಕುಡಿತ ಬಿಡಿಸುವ ಮಾತ್ರೆ ಬೆರೆಸಿ ಕೊಡುವ ಮನೆಗಳಿವೆ. ಹಾಗೆ ಕೊಡುವುದು ಬಹಳ ಸಲ ಡೈಸಲ್ಫಿರಾಮ್. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಜೀವವೂ ಹೋಗಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಅದರ ಪರಿಣಾಮ ಉಳಿದಿರಬಹುದು. ತೆಗೆದುಕೊಳ್ಳುವವರಿಗೆ ಗೊತ್ತಿದ್ದು, ಅವರು ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಅದೇ ಒಳ್ಳೆಯ ಔಷಧ. ಕದ್ದು ಮಾತ್ರ ಕೊಡಬೇಡಿ.

ಮೈಂಡ್‌ಫುಲ್‌ನೆಸ್ ಚಿಕಿತ್ಸೆಯಲ್ಲಿ ಏನು ಮಾಡಿಸುತ್ತಾರೆ?

ಕುಡಿತ, ಡ್ರಗ್ಸ್ ಬಿಟ್ಟವರಿಗಾಗಿಯೇ ರೂಪಿಸಿದ ಒಂದು ಕ್ರಮವಿದೆ. ಅದರ ಹೆಸರು ಮೈಂಡ್‌ಫುಲ್‌ನೆಸ್ ಬೇಸ್ಡ್ ರಿಲ್ಯಾಪ್ಸ್ ಪ್ರಿವೆನ್ಷನ್, ಚುಟುಕಾಗಿ ಎಂಬಿಆರ್‌ಪಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಟ್, ಸಾರಾ ಬೋವೆನ್, ನೇಹಾ ಚಾವ್ಲಾ ಸೇರಿ ಇದನ್ನು ಕಟ್ಟಿದರು. ವಾರಕ್ಕೊಂದು ಸಲ ಎರಡು ಗಂಟೆಯ ಗುಂಪು, ಒಟ್ಟು ಎಂಟು ವಾರ. ನಡುವೆ ಮನೆಯಲ್ಲಿ ದಿನಾ ಅಭ್ಯಾಸ. ಸೇರುವವರು ಆಗಲೇ ಮೊದಲ ಹಂತದ ಚಿಕಿತ್ಸೆ ಮುಗಿಸಿರಬೇಕು ಅನ್ನುವ ಲೆಕ್ಕದಲ್ಲಿ ಇದನ್ನು ಮಾಡಿದ್ದಾರೆ. ಹಾಗಾಗಿ ಇದು ಕುಡಿತ ಬಿಡಿಸುವುದಕ್ಕಿಂತ, ಬಿಟ್ಟವರು ಮತ್ತೆ ಜಾರದ ಹಾಗೆ ನೋಡಿಕೊಳ್ಳುವ ಚಿಕಿತ್ಸೆ.

ಇದರ ತಿರುಳು ತುಡಿತವನ್ನು, ಅಂದರೆ ಕುಡಿಯಲೇಬೇಕು ಅನ್ನುವ ಒಳಗಿನ ಸೆಳೆತವನ್ನು ಎದುರಿಸುವ ರೀತಿಯಲ್ಲಿದೆ. ಉದಾಹರಣೆಗೆ ಸಂಜೆ ಏಳು ಗಂಟೆ. ಕೆಲಸ ಮುಗಿಸಿ ಬಸ್ ಇಳಿದಿದ್ದೀರಿ. ಎದುರಿಗೆ ಎಂಆರ್‌ಪಿ ಅಂಗಡಿ, ಪಕ್ಕದ ಗಾಡಿಯಿಂದ ಕಬಾಬ್ ವಾಸನೆ. ಜೇಬಿನಲ್ಲಿ ವಾರದ ಬಟವಾಡೆ. ಆಗ ಎದೆ ಬಿಗಿಯುತ್ತದೆ, ಬಾಯಲ್ಲಿ ನೀರೂರುತ್ತದೆ, ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ. ಇಂಥ ಹೊತ್ತಿನಲ್ಲಿ ನಾವು ಮಾಡುವುದು ಎರಡೇ ಕೆಲಸ. ಒಂದೋ ಅದರ ಜೊತೆ ಗುದ್ದಾಡುತ್ತೇವೆ, ಕುಡಿಯಬಾರದು ಕುಡಿಯಬಾರದು ಅಂತ ಹಲ್ಲು ಕಚ್ಚಿ ನಿಲ್ಲುತ್ತೇವೆ. ಇಲ್ಲವೇ ಸೋತು ಒಳಗೆ ಹೋಗುತ್ತೇವೆ. ಎಂಬಿಆರ್‌ಪಿ ಮೂರನೆಯದೊಂದನ್ನು ಕಲಿಸುತ್ತದೆ. ನಿಂತುಕೊಳ್ಳಿ. ಏನಾಗುತ್ತಿದೆ ನೋಡಿ. ಬಿಗಿತ ಎಲ್ಲಿದೆ, ಗಂಟಲಲ್ಲಾ, ಹೊಟ್ಟೆಯಲ್ಲಾ? ಬಿಸಿಯೋ, ತಣ್ಣಗೋ? ಹೆಚ್ಚಾಗುತ್ತಿದೆಯೋ, ಕಡಿಮೆಯಾಗುತ್ತಿದೆಯೋ? ಉಸಿರು ಹೇಗೆ ಓಡಾಡುತ್ತಿದೆ? ತುಡಿತ ಅಲೆಯ ಹಾಗೆ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಕುಡಿಯದಿದ್ದರೆ ಅದು ಬೆಳೆಯುತ್ತಲೇ ಹೋಗಿ ನನ್ನನ್ನು ಮುಗಿಸಿಬಿಡುತ್ತದೆ ಅನ್ನುವ ಭಯ ಇರುತ್ತದಲ್ಲ, ಅದು ನಿಜವಲ್ಲ ಅಂತ ಮೈಗೇ ಗೊತ್ತಾಗಬೇಕು. ಬಹಳಷ್ಟು ಸಲ ಅರ್ಧ ಗಂಟೆಯೊಳಗೆ ಅದರ ಜೋರು ಇಳಿದಿರುತ್ತದೆ.

ಇದನ್ನು ಓದಿ ಕಲಿಯಲಾಗದು. ಮೊದಲು ಗುಂಪಿನಲ್ಲಿ ಕೂತು ಸಣ್ಣ ಸಣ್ಣ ವಿಷಯದ ಮೇಲೆ ಅಭ್ಯಾಸ ಮಾಡಿಸುತ್ತಾರೆ. ಒಂದು ಒಣದ್ರಾಕ್ಷಿಯನ್ನು ಅಂಗೈಯಲ್ಲಿಟ್ಟು, ತಿರುಗಿಸಿ, ಮೂಸಿ, ನಾಲಿಗೆ ಮೇಲಿಟ್ಟು, ನಿಧಾನವಾಗಿ ಅಗಿಯಲು ಹೇಳುತ್ತಾರೆ. ಕೈ ಬಾಯಿಗೆ ಹೋಗುವುದೇ ಗೊತ್ತಾಗದೆ ಎಷ್ಟು ಕೆಲಸ ಮಾಡುತ್ತಿರುತ್ತೇವೆ ಅಂತ ಅಲ್ಲೇ ತಿಳಿಯುತ್ತದೆ. ಆಮೇಲೆ ಮಲಗಿಕೊಂಡು ಕಾಲ್ಬೆರಳಿನಿಂದ ನೆತ್ತಿಯವರೆಗೆ ಮೈಯನ್ನು ಗಮನಿಸುವುದು, ನಡೆಯುತ್ತಾ ಗಮನಿಸುವುದು. ನಂತರ ಕಣ್ಣು ಮುಚ್ಚಿ, ಕುಡಿಯಬೇಕು ಅನ್ನಿಸಿದ ಒಂದು ಸಂದರ್ಭವನ್ನು ನೆನೆಸಿಕೊಂಡು, ಏಳುವ ತುಡಿತದ ಜೊತೆ ಇರುವುದು. ಪಕ್ಕದಲ್ಲಿ ತರಬೇತಾದ ಸೈಕಾಲಜಿಸ್ಟ್ ಇರುತ್ತಾರೆ. ಇದು ಮುಖ್ಯ. ಒಬ್ಬರೇ ಕೂತು ಹೀಗೆ ನೆನೆಸಿಕೊಳ್ಳಲು ಹೋದರೆ ಸೀದಾ ಅಂಗಡಿ ಬಾಗಿಲಿಗೆ ಹೋಗಿ ನಿಲ್ಲುವ ಅಪಾಯವಿದೆ.

ಜಾರಿದವರ ವಿಷಯದಲ್ಲೂ ಮಾರ್ಲಟ್ ಒಂದು ಒಳ್ಳೆಯ ವಿಚಾರ ಗುರುತಿಸಿದ್ದರು. ಒಂದು ಗ್ಲಾಸ್ ಕುಡಿದ ಮೇಲೆ ಮನಸ್ಸು ಹೇಳುತ್ತದೆ: ಹೇಗೂ ವ್ರತ ಕೆಟ್ಟಿತು, ಇನ್ನು ಪೂರ್ತಿ ಮುಗಿಸೋಣ. ಒಂದು ಸಂಜೆಯ ತಪ್ಪು ಮೂರು ತಿಂಗಳ ಕುಡಿತ ಆಗುವುದು ಆ ಮಾತಿನಿಂದ. ಅದು ಬರೀ ಒಂದು ಯೋಚನೆ, ಅದು ಹೇಳಿದ ಹಾಗೆ ಕೇಳಬೇಕಿಲ್ಲ ಅಂತ ಗುರುತಿಸುವುದನ್ನೂ ಈ ಗುಂಪಿನಲ್ಲಿ ಕಲಿಸುತ್ತಾರೆ.

ಮಾಮೂಲಿ ಕೌನ್ಸೆಲಿಂಗ್‌ಗಿಂತ ಮೇಲಾ?

ಅಮೆರಿಕದ ಸಿಯಾಟಲ್‌ನಲ್ಲಿ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮೊದಲ ಹಂತದ ಚಿಕಿತ್ಸೆ ಮುಗಿಸಿದ 286 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎಂಬಿಆರ್‌ಪಿ. ಇನ್ನೊಂದಕ್ಕೆ ಧ್ಯಾನವಿಲ್ಲದ ರಿಲ್ಯಾಪ್ಸ್ ತಡೆ ಕೌನ್ಸೆಲಿಂಗ್, ಅಂದರೆ ಅಪಾಯದ ಸಂದರ್ಭ ಗುರುತಿಸಿ, ಹೇಗೆ ಬೇಡ ಅನ್ನಬೇಕು ಅಂತ ಮೊದಲೇ ಯೋಜನೆ ಹಾಕಿಕೊಳ್ಳುವುದು. ಮೂರನೆಯದಕ್ಕೆ ಆ ಕೇಂದ್ರದಲ್ಲಿ ಎಂದಿನಂತೆ ನಡೆಯುತ್ತಿದ್ದ, ಎಎಯ (ಆಲ್ಕೊಹಾಲಿಕ್ಸ್ ಅನಾನಿಮಸ್) 12 ಹೆಜ್ಜೆಗಳ ದಾರಿಯನ್ನು ಆಧರಿಸಿದ ಗುಂಪು. ಮೂರನೆಯ ಗುಂಪಿಗೆ ಹೋಲಿಸಿದರೆ ಮೊದಲ ಎರಡರಲ್ಲೂ ಮತ್ತೆ ಜಾರುವ ಅಪಾಯ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು. ಧ್ಯಾನವಿಲ್ಲದ ಕೌನ್ಸೆಲಿಂಗ್ ಪಡೆದವರು ಮೊದಲ ಸಲ ಡ್ರಗ್ಸ್ ಮುಟ್ಟುವುದನ್ನು ಎಂಬಿಆರ್‌ಪಿಯವರಿಗಿಂತ ಹೆಚ್ಚು ದಿನ ಮುಂದೂಡಿದರು. ಆದರೆ ಒಂದು ವರ್ಷದ ಹೊತ್ತಿಗೆ ಎಂಬಿಆರ್‌ಪಿ ಗುಂಪಿನವರು ಮಿತಿಮೀರಿ ಕುಡಿದ, ಡ್ರಗ್ಸ್ ತೆಗೆದುಕೊಂಡ ದಿನಗಳು ಉಳಿದ ಎರಡೂ ಗುಂಪಿಗಿಂತ ಕಡಿಮೆ ಇದ್ದವು.

ನನಗೆ ಇದು ತುಂಬ ಅರ್ಥವಿರುವ ಫಲಿತಾಂಶ ಅನ್ನಿಸುತ್ತದೆ. ಯೋಜನೆ ಹಾಕಿಕೊಳ್ಳುವುದು ಬೇಗ ಕೈಗೆ ಬರುವ ವಿದ್ಯೆ. ಹೊಸತೊಡಕಿನ ದಿನ ಯಾರ ಮನೆಗೆ ಹೋಗಬಾರದು, ಯಾರಿಗೆ ಏನು ನೆಪ ಹೇಳಬೇಕು ಅನ್ನುವುದನ್ನು ಮೊದಲ ವಾರದಲ್ಲೇ ಬರೆದಿಟ್ಟುಕೊಳ್ಳಬಹುದು. ತುಡಿತದ ಜೊತೆ ಕೂರುವುದು ಹಾಗಲ್ಲ, ನಿಧಾನವಾಗಿ ಮೈಗೂಡುತ್ತದೆ. ಹಾಗಾಗಿ ಗೆಳೆಯರ ಕಾಟ, ಮದುವೆ ಮನೆ, ಬಟವಾಡೆ ದಿನ ಇವೇ ನಿಮ್ಮ ತೊಂದರೆ ಆಗಿದ್ದರೆ ಮಾಮೂಲಿ ಕೌನ್ಸೆಲಿಂಗ್‌ನಿಂದ ಶುರು ಮಾಡಿ. ಬೇಸರ, ಖಿನ್ನತೆ ಬಂದಾಗಲೆಲ್ಲ ಕೈ ಬಾಟಲಿ ಕಡೆ ಹೋಗುತ್ತದೆ ಅನ್ನುವವರು ಎಂಬಿಆರ್‌ಪಿ ಹುಡುಕಿ. 2010ರ ಇನ್ನೊಂದು ವಿಶ್ಲೇಷಣೆಯಲ್ಲಿ ಕಂಡಿದ್ದೂ ಇದೇ. ಈ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆಯಿಂದ ತುಡಿತಕ್ಕಿರುವ ಕೊಂಡಿ ಸಡಿಲವಾಗಿತ್ತು.

ಆದರೂ ಅತಿಯಾದ ನಿರೀಕ್ಷೆ ಬೇಡ. 2021ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಇಂಥ 40 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬೇರೆ ಚಿಕಿತ್ಸೆಗಳಿಗೆ ಹೋಲಿಸಿದರೆ ಇದು ವ್ಯಸನದ ದಿನಗಳನ್ನು ಸ್ವಲ್ಪ ಕಡಿಮೆ ಮಾಡಬಹುದು, ಉಳಿದ ವಿಷಯಗಳಲ್ಲಿ ಸಾಕ್ಷ್ಯ ಇನ್ನೂ ಗಟ್ಟಿಯಾಗಿಲ್ಲ ಅನ್ನುವುದು ಅದರ ಒಟ್ಟು ಅಭಿಪ್ರಾಯ. ಪವಾಡ ಮಾಡುತ್ತೇವೆ ಅನ್ನುವವರ ಹತ್ತಿರ ದುಡ್ಡು ಕಟ್ಟಬೇಡಿ.

ಎಎ ಮೀಟಿಂಗ್

ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಗುಂಪು. ಇದು 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾಯಿತು. ಈಗ ಕರ್ನಾಟಕದಲ್ಲೂ ಕನ್ನಡದಲ್ಲೇ ಮೀಟಿಂಗ್‌ಗಳು ನಡೆಯುತ್ತವೆ. ಫೀಸ್ ಇಲ್ಲ, ಹೆಸರು ಹೇಳಬೇಕಿಲ್ಲ, ಎಂಟು ವಾರಕ್ಕೆ ಮುಗಿಯುವುದೂ ಇಲ್ಲ. ಇದರ ಶಕ್ತಿ ಅಲ್ಲೇ ಇದೆ. ರಾತ್ರಿ ಹನ್ನೊಂದಕ್ಕೆ ಕೈ ನಡುಗಿದರೆ ಫೋನ್ ಮಾಡಲು ಒಬ್ಬ ಸ್ಪಾನ್ಸರ್ ಇರುತ್ತಾರೆ. ಅವರೂ ಅದೇ ದಾರಿಯಲ್ಲಿ ನಡೆದು ಬಂದವರು. ಯಾವ ಥೆರಪಿಸ್ಟ್ ಇದನ್ನು ಕೊಡಲು ಸಾಧ್ಯ ಹೇಳಿ? 2020ರ ಕಾಕ್ರೇನ್ ವಿಮರ್ಶೆ 27 ಅಧ್ಯಯನ ನೋಡಿ, ಪೂರ್ತಿ ಕುಡಿಯದೇ ಉಳಿಯುವ ವಿಷಯದಲ್ಲಿ ಎಎಗೆ ಜೋಡಿಸುವ ಚಿಕಿತ್ಸೆ ಬೇರೆ ಥೆರಪಿಗಳಿಗಿಂತ ಸ್ವಲ್ಪ ಮೇಲೇ ಇದೆ ಅಂತ ಹೇಳಿತು.

ಗುಂಪಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಆಗದವರಿಗೆ, ನನಗಿಂತ ದೊಡ್ಡ ಶಕ್ತಿಯೊಂದಕ್ಕೆ ಶರಣಾಗುತ್ತೇನೆ ಅನ್ನುವ ಮಾತು ಹಿಡಿಸದವರಿಗೆ ಇದು ಒಗ್ಗದೆ ಇರಬಹುದು. ಒಂದೇ ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡಿ, ಗುಂಪಿನಿಂದ ಗುಂಪಿಗೆ ವಾತಾವರಣ ಬೇರೆ ಇರುತ್ತದೆ. ಮೈಂಡ್‌ಫುಲ್‌ನೆಸ್ ಬೇಕಾ ಎಎ ಬೇಕಾ ಅಂತ ಒಂದನ್ನೇ ಆರಿಸಬೇಕಾಗಿಯೂ ಇಲ್ಲ. ಎಂಟು ವಾರದ ಗುಂಪು ಮುಗಿದ ಮೇಲೆ ಮುಂದೇನು ಅನ್ನುವ ಪ್ರಶ್ನೆಗೆ ಎಎ ಒಳ್ಳೆಯ ಉತ್ತರ. ಮನೆಯವರಿಗೆ ಅಲನಾನ್ ಅನ್ನುವ ಬೇರೆ ಗುಂಪುಗಳಿವೆ. ಕುಡಿಯುವವರು ಬರಲು ಒಪ್ಪದಿದ್ದರೂ ಹೆಂಡತಿಯೋ ತಾಯಿಯೋ ಅಲ್ಲಿಗೆ ಹೋಗಬಹುದು, ಹೋಗಬೇಕು.

ಹತ್ತು ದಿನದ ವಿಪಶ್ಯನ

ಇದರ ಬಗ್ಗೆ ಸ್ವಲ್ಪ ಎಚ್ಚರದಿಂದ ಹೇಳಬೇಕು, ಯಾಕೆಂದರೆ ಎಂಬಿಆರ್‌ಪಿಯ ಒಂದು ಬೇರು ಇಲ್ಲೇ ಇದೆ. ಸಿಯಾಟಲ್‌ನ ಒಂದು ಜೈಲಿನಲ್ಲಿ ಎಸ್.ಎನ್. ಗೋಯೆಂಕಾ ಅವರ ಪದ್ಧತಿಯ ವಿಪಶ್ಯನ ಶಿಬಿರ ನಡೆಸಿದಾಗ, ಬೋವೆನ್, ಮಾರ್ಲಟ್ ಮತ್ತು ಅವರ ಸಂಗಡಿಗರು ಕೈದಿಗಳನ್ನು ಬಿಡುಗಡೆಯಾದ ಮೂರು ತಿಂಗಳ ಮೇಲೆ ವಿಚಾರಿಸಿದರು. ಶಿಬಿರ ಮಾಡಿದವರಲ್ಲಿ ಮದ್ಯ, ಗಾಂಜಾ, ಕೊಕೇನ್ ಬಳಕೆ ಕಡಿಮೆಯಾಗಿತ್ತು. 2006ರಲ್ಲಿ ಅದು ಪ್ರಕಟವಾಯಿತು. ಆದರೆ ಶಿಬಿರಕ್ಕೆ ಸೇರಿದವರು ತಾವಾಗಿಯೇ ಮುಂದೆ ಬಂದವರು. ಬದಲಾಗುವ ಮನಸ್ಸು ಅವರಲ್ಲಿ ಮೊದಲೇ ಇತ್ತು.

ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ಧಮ್ಮ ಪಫುಲ್ಲ ಕೇಂದ್ರವಿದೆ. ಶುಲ್ಕವಿಲ್ಲ, ಕೊನೆಗೆ ಇಷ್ಟವಿದ್ದಷ್ಟು ದಾನ ಕೊಡಬಹುದು. ಬೆಳಗ್ಗೆ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ. ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು, ಮಾತಿಲ್ಲ, ಫೋನಿಲ್ಲ. ಮೊದಲ ಮೂರು ದಿನ ಬರೀ ಉಸಿರು, ಆಮೇಲೆ ಮೈಯ ಸಂವೇದನೆಗಳು.

ಕುಡಿತ ಬಿಟ್ಟು ವಾರವಾದವರನ್ನು ಇಲ್ಲಿಗೆ ಕಳಿಸುವುದು ತಪ್ಪು ಅಂತ ನಾನು ನಂಬುತ್ತೇನೆ. ಆಗಿನ್ನೂ ನಿದ್ದೆ ಸರಿಯಾಗಿರುವುದಿಲ್ಲ, ಮನಸ್ಸು ಕುದಿಯುತ್ತಿರುತ್ತದೆ. ದಿನಕ್ಕೆ ಹತ್ತು ಗಂಟೆ ಮೌನವಾಗಿ ತನ್ನೊಳಗೇ ನೋಡಿಕೊಂಡು ಕೂರುವುದು ಗಟ್ಟಿಮುಟ್ಟಾಗಿ ಇರುವವರಿಗೇ ಕಷ್ಟ. ವಿಪಶ್ಯನದ ಆಚಾರ್ಯರು ಧ್ಯಾನ ಕಲಿಸುವವರು, ವ್ಯಸನದ ವೈದ್ಯರಲ್ಲ. ಅರ್ಜಿಯಲ್ಲಿ ಮಾನಸಿಕ ಕಾಯಿಲೆ, ವ್ಯಸನದ ಬಗ್ಗೆ ಕೇಳುತ್ತಾರೆ. ಅಲ್ಲಿ ಸುಳ್ಳು ಬರೆದು ಹೋಗಬೇಡಿ. ಗಾಂಜಾದಿಂದ ಯಾವತ್ತಾದರೂ ಕಿವಿಯಲ್ಲಿ ಧ್ವನಿ ಕೇಳಿಸಿದ್ದವರು, ಇಲ್ಲದ ಅನುಮಾನ ಕಾಡಿದ್ದವರು, ಸಾಯುವ ಯೋಚನೆ ಬರುತ್ತಿರುವವರು ತಮ್ಮ ಮನೋವೈದ್ಯರ ಒಪ್ಪಿಗೆಯಿಲ್ಲದೆ ಹೋಗಲೇಬಾರದು. ಆರೇಳು ತಿಂಗಳು ಕುಡಿಯದೆ ಉಳಿದು, ಅಭ್ಯಾಸವನ್ನು ಇನ್ನೂ ಆಳಕ್ಕೆ ಇಳಿಸಬೇಕು ಅನ್ನುವವರಿಗೆ ಮಾತ್ರ ಇದು ಒಳ್ಳೆಯದು.

ಊರಿನ ಮದ್ಯವರ್ಜನ ಶಿಬಿರ

ಕರ್ನಾಟಕದ ಹಳ್ಳಿಗಳಲ್ಲಿ ಹೆಚ್ಚು ಜನರಿಗೆ ಕೈಗೆಟುಕುವುದು ಇದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರ ಸಭಾಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನದ ಶಿಬಿರ ನಡೆಸುತ್ತವೆ. ಯೋಗ, ಭಜನೆ, ಆಪ್ತಸಲಹೆ, ಮನೆಯವರನ್ನು ಕರೆಸಿ ಮಾತುಕತೆ ಎಲ್ಲ ಇರುತ್ತದೆ. ಊರ ಹಿರಿಯರೇ ಸಮಿತಿಯಲ್ಲಿ ಇರುವುದರಿಂದ ಬಿಟ್ಟವರಿಗೆ ಒಂದು ಗೌರವ ಸಿಗುತ್ತದೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಗಳಿವೆ. ನನ್ನ ಪ್ರಕಾರ ಎಂಟು ದಿನಕ್ಕಿಂತ ಈ ಸಮಿತಿಯ ಸಭೆಗಳಿಗೇ ಬೆಲೆ ಜಾಸ್ತಿ.

ತುಡಿತ ಬಂದಾಗ ಒಬ್ಬರೇ ಏನು ಮಾಡಬೇಕು ಅನ್ನುವ ವಿದ್ಯೆಯನ್ನು ವಾರಗಟ್ಟಲೆ ತಿದ್ದಿ ಕಲಿಸಲು ಎಂಟು ದಿನ ಸಾಲದು. ಅದಕ್ಕೆ ಶಿಬಿರದ ನಂತರ ಜಿಲ್ಲಾಸ್ಪತ್ರೆಯ ಕೌನ್ಸೆಲರನ್ನು ಕಾಣುವುದು ಒಳ್ಳೆಯದು. ಮೊದಲೇ ಫಿಟ್ಸ್ ಬಂದಿದ್ದವರು, ಲಿವರ್ ತೊಂದರೆ ಇರುವವರು ಶಿಬಿರಕ್ಕೆ ಸೇರುವ ಮುನ್ನವೇ ಡಾಕ್ಟರಿಗೆ ತೋರಿಸಿ, ಶಿಬಿರದವರಿಗೂ ಹೇಳಿ.

ಸುದರ್ಶನ ಕ್ರಿಯೆ, ಪ್ರಾಣಾಯಾಮದ ಬಗ್ಗೆಯೂ ಕೇಳುತ್ತಾರೆ. ನಿಮ್ಹಾನ್ಸ್‌ನಲ್ಲಿ ಕುಡಿತದ ಚಿಕಿತ್ಸೆಗೆ ದಾಖಲಾದ 60 ಜನರ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಬಂತು. ಎರಡು ವಾರ ಸುದರ್ಶನ ಕ್ರಿಯೆ ಮಾಡಿದವರಲ್ಲಿ ಖಿನ್ನತೆಯೂ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನಿನ ಮಟ್ಟವೂ ಹೆಚ್ಚು ಇಳಿದಿತ್ತು. ಅದು ಅಳೆದದ್ದು ಖಿನ್ನತೆಯನ್ನು. ಕುಡಿತಕ್ಕೆ ಮರಳುತ್ತಾರಾ ಇಲ್ಲವಾ ಅನ್ನುವುದನ್ನಲ್ಲ. ಚಿಕಿತ್ಸೆಯ ಜೊತೆ ಮಾಡಬಹುದು, ಚಿಕಿತ್ಸೆಯ ಬದಲು ಬೇಡ. ಫೋನಿನ ಧ್ಯಾನದ ಆ್ಯಪ್‌ಗಳಿಗೂ ಇದೇ ಮಾತು.

ಕುಡಿತ ಅಲ್ಲದೆ ಬೇರೆ ಚಟ ಇದ್ದರೆ

ಸಿಗರೇಟ್ ಬಿಡುವವರಿಗೆ ಮೈಂಡ್‌ಫುಲ್‌ನೆಸ್ ಅನ್ನು ಧೈರ್ಯವಾಗಿ ಹೇಳಬಹುದು. ಇಲ್ಲಿ ನಿಲ್ಲಿಸಿದರೆ ಜೀವಕ್ಕೆ ಅಪಾಯವಿಲ್ಲ, ಹಾಗಾಗಿ ಮೊದಲ ದಿನದಿಂದಲೇ ಶುರು ಮಾಡಬಹುದು. 2011ರಲ್ಲಿ ಜಡ್ಸನ್ ಬ್ರೂವರ್ ತಂಡ 88 ಜನರ ಮೇಲೆ ಪರೀಕ್ಷಿಸಿದಾಗ, 17ನೇ ವಾರದಲ್ಲಿ ಮೈಂಡ್‌ಫುಲ್‌ನೆಸ್ ಗುಂಪಿನ ಶೇ. 31ರಷ್ಟು ಜನ ಸಿಗರೇಟ್ ಬಿಟ್ಟಿದ್ದರು, ಮಾಮೂಲಿ ತರಬೇತಿ ಪಡೆದವರಲ್ಲಿ ಶೇ. 6. ಸಣ್ಣ ಅಧ್ಯಯನ, ಆದರೂ ಭರವಸೆ ಕೊಡುವಂಥದ್ದು. ಬೀಡಿ, ಗುಟ್ಕಾ ಬಿಡಲು ಸಹಾಯ ಬೇಕಾದವರಿಗೆ 1800-11-2356 ಉಚಿತ ಸಹಾಯವಾಣಿ ಇದೆ.

ಹೆರಾಯಿನ್ ಅಥವಾ ನೋವಿನ ಮಾತ್ರೆ, ಇಂಜೆಕ್ಷನ್‌ಗಳ ಚಟದ ವಿಷಯ ಪೂರ್ತಿ ಬೇರೆ. ಅಲ್ಲಿ ಬ್ಯುಪ್ರೆನಾರ್ಫಿನ್‌ನಂಥ ಔಷಧ ಜೀವ ಉಳಿಸುತ್ತದೆ. ಧ್ಯಾನ ಶುರು ಮಾಡಿದೆವಲ್ಲ ಅಂತ ಅದನ್ನು ನಿಲ್ಲಿಸಬೇಡಿ. ಕೆಲವು ವಾರ ಬಿಟ್ಟಿದ್ದ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಮತ್ತೆ ಅಷ್ಟೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು.

ಸೇರುವ ಮೊದಲು ಕೇಳಿ

ಕನ್ನಡದಲ್ಲಿ ನಡೆಯುವ ಎಂಟು ವಾರದ ಗುಂಪು ಎಲ್ಲ ಊರಲ್ಲೂ ಸಿಗುವುದಿಲ್ಲ. ಮೈಂಡ್‌ಫುಲ್‌ನೆಸ್ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ವ್ಯಸನದ ಬಗ್ಗೆ ತಿಳಿದವರೂ ಅಲ್ಲ. ನಡೆಸುವವರು ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಹೌದಾ ಕೇಳಿ. ವ್ಯಸನದವರ ಜೊತೆ ಕೆಲಸ ಮಾಡಿದ್ದಾರಾ, ತಾವು ದಿನಾ ಅಭ್ಯಾಸ ಮಾಡುತ್ತಾರಾ ಕೇಳಿ. ನಡುವೆ ಒಂದು ದಿನ ಕುಡಿದು ಬಂದರೆ ಏನು ಮಾಡುತ್ತೀರಿ ಅಂತ ತಪ್ಪದೆ ಕೇಳಿ. ಗುಂಪಿನಿಂದ ತೆಗೆದುಹಾಕುತ್ತೇವೆ ಅಂದರೆ ಬೇರೆ ಕಡೆ ನೋಡಿ. ಜಾರುವುದು ಈ ಕಾಯಿಲೆಯ ಭಾಗ, ಆ ಹೊತ್ತಿನಲ್ಲೇ ಸಹಾಯ ಹೆಚ್ಚು ಬೇಕಾಗಿರುವುದು. ಕಣ್ಣು ಮುಚ್ಚಿ ಕೂತರೆ ಹಳೆಯ ಹಿಂಸೆ, ಅಪಘಾತ ಕಣ್ಣಮುಂದೆ ಬರುತ್ತದೆ ಅನ್ನುವವರಿಗೆ ಕಣ್ಣು ತೆರೆದೋ ನಡೆಯುತ್ತಲೋ ಮಾಡಲು ಬಿಡುತ್ತಾರಾ ಅಂತಲೂ ವಿಚಾರಿಸಿ.

ದಾಖಲು ಮಾಡಿಕೊಳ್ಳುವ ಕೇಂದ್ರವಾದರೆ ಇನ್ನೂ ಹೆಚ್ಚು ಕೇಳಬೇಕು. ಡಾಕ್ಟರ್ ದಿನಾ ಬರುತ್ತಾರಾ? ಮನೆಯವರು ಯಾವಾಗ ಬೇಕಾದರೂ ಫೋನಿನಲ್ಲಿ ಮಾತಾಡಬಹುದಾ? ಕಟ್ಟಿಹಾಕುವುದು, ಹೊಡೆಯುವುದು ಚಿಕಿತ್ಸೆಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಕಾಯಿಲೆಯವರ ಘನತೆ ಕಾಪಾಡಬೇಕು ಅಂತ ಅದರಲ್ಲೇ ಇದೆ. ಒಳಗಿನ ಕೋಣೆಗಳನ್ನು ತೋರಿಸಲು ಹಿಂದೇಟು ಹಾಕುವ ಕಡೆ ನಿಮ್ಮವರನ್ನು ಬಿಟ್ಟು ಬರಬೇಡಿ.